ಲಿಟ್ಲ್ ಫಾಲ್ಸ್‌ನ ಯೋಗಿ ಬೆರಾ ಮ್ಯೂಸಿಯಂ: ಒಬ್ಬ ಕ್ಯಾಚರ್‌ನ ಕೈಗವಸಿನ ಮುಂದೆ ನಿಂತು

ನ್ಯೂಜೆರ್ಸಿಯ ಲಿಟ್ಲ್ ಫಾಲ್ಸ್ ಊರಿನಲ್ಲಿ, ಮಾಂಟ್‌ಕ್ಲೇರ್ ಸ್ಟೇಟ್ ಯೂನಿವರ್ಸಿಟಿಯ ಆವರಣದೊಳಗೆ, ಬೇಸ್‌ಬಾಲ್ ಮೈದಾನವೊಂದರ ಮಗ್ಗುಲಲ್ಲೇ ಯೋಗಿ ಬೆರಾ ಮ್ಯೂಸಿಯಂ ಇದೆ. ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದಲ್ಲಿ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿದ್ದ ಲಾರೆನ್ಸ್ ಪೀಟರ್ ಬೆರಾ, ಅಂದರೆ ‘ಯೋಗಿ’ ಬೆರಾ ಅವರ ಹೆಸರಿನಲ್ಲಿ 1998ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಈ ಜಾಗಕ್ಕೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಮನೆಯವರೆಲ್ಲ ಜೊತೆಗಿದ್ದರು, ಎರಡನೆಯ ಸಲ ಹನ್ನೆರಡು ವರ್ಷದ ಮಗನನ್ನು ಮಾತ್ರ ಕರೆದುಕೊಂಡು ಹೋಗಿದ್ದೆ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ, ಕ್ರಿಕೆಟ್ ನೋಡುತ್ತ ಬೆಳೆದ, ಬೇಸ್‌ಬಾಲ್ ಎಂದರೆ ಇನ್ನೂ ಪೂರ್ತಿ ಅರ್ಥವಾಗದ ನನ್ನಂಥ ಕನ್ನಡಿಗರಿಗೆ ಈ ಜಾಗ ಏನು ಕೊಡುತ್ತದೆ ಎಂಬುದನ್ನು ಬರೆದಿಡಬೇಕೆನಿಸಿತು.

ನಾನು ಅಲ್ಲಿಗೆ ಹೋದದ್ದಕ್ಕೆ ಕಾರಣ ಮಗನ ಊದಿಕೊಂಡ ಅಂಗೈ. ಕಳೆದ ವಸಂತದಲ್ಲಿ ನಮ್ಮೂರಿನ ಮಕ್ಕಳ ತಂಡದ ತರಬೇತುದಾರರು ಅವನನ್ನು ಬ್ಯಾಟರ್ ನಿಲ್ಲುವ ಜಾಗವಾದ ಹೋಮ್ ಪ್ಲೇಟ್‌ನ ಹಿಂದೆ ಕೂರಿಸಿದರು. ಕ್ರೀಡಾ ಸಾಮಗ್ರಿಯ ಅಂಗಡಿಯೊಂದಕ್ಕೆ ಹೋಗಿ, ಹುಡುಗ ಕ್ಯಾಚರ್ ಆಗಿದ್ದಾನೆ, ತಕ್ಕ ಗ್ಲವ್ಸ್ ಕೊಡಿ ಎಂದು ಕೇಳಿದಾಗ, ಅಲ್ಲಿದ್ದವರು ಐದು ಬೆರಳುಗಳ ಸಾಮಾನ್ಯ ಫೀಲ್ಡಿಂಗ್ ಗ್ಲವ್ಸನ್ನೇ ಕೈಗಿತ್ತರು. ನನಗೂ ವ್ಯತ್ಯಾಸ ಗೊತ್ತಿರಲಿಲ್ಲ, ದುಡ್ಡು ಕೊಟ್ಟು ತಂದೆ. ಎರಡು ವಾರ ಅಭ್ಯಾಸ ಮಾಡುವಷ್ಟರಲ್ಲಿ ಅವನ ಎಡಗೈಯ ತೋರುಬೆರಳಿನ ಬುಡ ಕೆಂಪಗೆ ಊದಿ, ಊಟದ ತಟ್ಟೆ ಹಿಡಿಯುವುದೂ ಕಷ್ಟವಾಯಿತು. ಕ್ಯಾಚರ್‌ಗೆ ಬೇರೆಯದೇ ಕೈಗವಸು ಇರುತ್ತದೆ, ಅದನ್ನು ಮಿಟ್ ಎನ್ನುತ್ತಾರೆ, ಅದರಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಹೊರ ಅಂಚಿನುದ್ದಕ್ಕೂ ದಪ್ಪ ಮೆತ್ತೆ ಇರುತ್ತದೆ ಎಂದು ತಂಡದ ಇನ್ನೊಬ್ಬ ಹುಡುಗನ ತಾಯಿ ಹೇಳಿಕೊಟ್ಟರು. ಅವರೇ ಕೊನೆಗೆ, “ಇಷ್ಟು ಹತ್ತಿರದಲ್ಲಿದ್ದೀರಿ, ಒಮ್ಮೆ ಯೋಗಿಯ ಮಿಟ್ ನೋಡಿ ಬನ್ನಿ” ಎಂದದ್ದು.

ಆ ಮಿಟ್ ಈ ಮ್ಯೂಸಿಯಂನ ಜೀವ. 1956ರ ಅಕ್ಟೋಬರ್ 8ರಂದು ಯಾಂಕೀ ಸ್ಟೇಡಿಯಂನಲ್ಲಿ ಯಾಂಕೀಸ್‌ನ ಪಿಚರ್ (ಚೆಂಡು ಎಸೆಯುವವ) ಡಾನ್ ಲಾರ್ಸನ್ ಎಸೆದ, ಎದುರಾಳಿಯ ಒಬ್ಬ ಬ್ಯಾಟರ್ ಕೂಡ ಮೊದಲ ಬೇಸ್ ತಲುಪದ ‘ಪರ್ಫೆಕ್ಟ್ ಗೇಮ್’ನ ಚೆಂಡುಗಳನ್ನು ಹಿಡಿದ ಮಿಟ್ ಅದು. ಈಗಿನ ಮಿಟ್‌ಗಳನ್ನು ಕಂಡವರಿಗೆ ಆ ಕಾಲದ್ದನ್ನು ನೋಡಿದರೆ ಇದರಿಂದ ಚೆಂಡು ಹಿಡಿಯುವುದಾದರೂ ಹೇಗೆ ಎನಿಸುತ್ತದೆ. ದುಂಡಗೆ, ಉಬ್ಬಿಕೊಂಡು, ಹತ್ತಿ ತುಂಬಿದ ಚಿಕ್ಕ ದಿಂಬನ್ನು ಚರ್ಮದಲ್ಲಿ ಹೊಲಿದಂತೆ ಇರುತ್ತದೆ. ನಡುವೆ ಒಂದು ತಗ್ಗು, ಸಾವಿರಾರು ಸಲ ಚೆಂಡು ಬಡಿದು ಬಡಿದು ಆದ ತಗ್ಗು. ಈಗಿನ ಮಿಟ್ ಮಡಚಿಕೊಳ್ಳುತ್ತದೆ, ಚೆಂಡು ಬಿದ್ದೊಡನೆ ಬಾಯಿ ಮುಚ್ಚಿದಂತೆ ತಾನೇ ಹಿಡಿದುಕೊಳ್ಳುತ್ತದೆ. ಬೆರಾ ಕಾಲದ ಮಿಟ್ ಹಾಗೆ ಮಡಚುತ್ತಿರಲಿಲ್ಲ. ಚೆಂಡು ತಗ್ಗಿಗೆ ಬಿದ್ದ ಕ್ಷಣವೇ ಬಲಗೈಯನ್ನು ಮೇಲೆ ತಂದು ಮುಚ್ಚಬೇಕಿತ್ತು, ಇಲ್ಲದಿದ್ದರೆ ಪುಟಿದು ಹೊರಬೀಳುತ್ತಿತ್ತು. ಹಾಗಾಗಿ ಆ ಕಾಲದ ಕ್ಯಾಚರ್‌ಗಳ ಬಲಗೈ ಬೆರಳುಗಳು ಬ್ಯಾಟಿಗೆ ತಾಗಿ ದಿಕ್ಕು ತಪ್ಪಿದ ಚೆಂಡುಗಳ ಏಟು ತಿಂದು ಸೊಟ್ಟಗಾಗಿರುತ್ತಿದ್ದವು. ಒಂದೇ ಕೈಯಲ್ಲಿ ಹಿಡಿಯುವ, ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಡುವ ರೂಢಿ ಬೆಳೆದದ್ದು ಆಮೇಲೆ, ಸಿನ್ಸಿನಾಟಿಯ ಜಾನಿ ಬೆಂಚ್ ಅಂಥವರ ಕಾಲದಲ್ಲಿ. ಬೆರಾ ಇನ್ನೊಂದು ಉಪಾಯ ಕಂಡುಕೊಂಡಿದ್ದರು: ಎಡಗೈಯ ತೋರುಬೆರಳನ್ನು ಮಿಟ್‌ನ ಹೊರಗೆ, ಅದರ ಬೆನ್ನಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಳಗಿನ ಏಟು ಆ ಬೆರಳಿನ ಬುಡಕ್ಕೆ ಬೀಳುವುದನ್ನು ಅದು ತಪ್ಪಿಸುತ್ತಿತ್ತು. ಇದನ್ನು ಮಗನಿಗೆ ಹೇಳಿದಾಗ ಅವನು ತನ್ನ ಎಡಗೈಯನ್ನು ಎತ್ತಿ, ಆ ಊದಿದ ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡ.

ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಎಂದುಕೊಂಡು ಒಳಗೆ ಹೋದರೆ ಅರ್ಧ ಮ್ಯೂಸಿಯಂ ಮಾತ್ರ ಅರ್ಥವಾದೀತು. ನಾನು ಹಾಸನದ ಕಾಲೇಜಿನಲ್ಲಿ ಕೀಪಿಂಗ್ ಮಾಡಿದವನು, ಸಯ್ಯದ್ ಕಿರ್ಮಾನಿಯವರನ್ನು ರೇಡಿಯೋದಲ್ಲಿ ಕೇಳಿ, ಟಿವಿಯಲ್ಲಿ ಕಂಡು ದೊಡ್ಡವನಾದವನು. ಇಬ್ಬರೂ ಬ್ಯಾಟ್ ಹಿಡಿದವನ ಹಿಂದೆಯೇ ಕೂರುತ್ತಾರೆ ನಿಜ. ಆದರೆ ವಿಕೆಟ್ ಕೀಪರ್ ಬೌಲರ್ ಏನು ಹಾಕುತ್ತಾನೆಂದು ಕಾಯುತ್ತಾನೆ, ಕ್ಯಾಚರ್ ಏನು ಹಾಕಬೇಕೆಂದು ಹೇಳುತ್ತಾನೆ. ಅರವತ್ತು ಅಡಿ ಆರು ಅಂಗುಲ ದೂರದಲ್ಲಿ ನಿಂತ ಪಿಚರ್‌ಗೆ ತೊಡೆಗಳ ನಡುವೆ ಬೆರಳು ತೋರಿಸಿ, ನೇರ ವೇಗದ ಚೆಂಡೋ, ತಿರುಗುವ ಚೆಂಡೋ, ಒಳಗೋ, ಹೊರಗೋ ಎಂದು ಪ್ರತಿ ಎಸೆತಕ್ಕೂ ಸೂಚಿಸುವುದು ಅವನ ಕೆಲಸ. ಬೆರಳ ಸನ್ನೆಯ ಬದಲು ಗುಂಡಿ ಒತ್ತಿ ಸೂಚನೆ ಕಳಿಸುವ ಪಿಚ್‌ಕಾಮ್ ಯಂತ್ರ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಅತಿ ಎತ್ತರದ ಹಂತವಾದ ಮೇಜರ್ ಲೀಗ್‌ಗೆ ಬಂದದ್ದು 2022ರಲ್ಲಷ್ಟೇ. ಇನ್ನೊಂದು ಸಂಗತಿಯನ್ನು ನಾನು ಮೈದಾನದ ಅಂಚಿನಲ್ಲಿ ನಿಂತು ನೋಡಿದಾಗಲೇ ಗಮನಿಸಿದ್ದು. ಫೀಲ್ಡಿಂಗ್ ಮಾಡುವ ಒಂಬತ್ತು ಜನರಲ್ಲಿ ಎಂಟು ಜನ ಹೋಮ್ ಪ್ಲೇಟ್ ಕಡೆ ಮುಖ ಮಾಡಿ ನಿಂತಿರುತ್ತಾರೆ. ಕ್ಯಾಚರ್ ಒಬ್ಬನೇ ಅವರೆಲ್ಲರ ಕಡೆ ಮುಖ ಮಾಡಿ ಕೂತಿರುತ್ತಾನೆ. ಇಡೀ ಮೈದಾನ ಕಾಣುವುದು ಅವನ ಕಣ್ಣಿಗೆ ಮಾತ್ರ.

ಇಂಥ ಕೆಲಸಕ್ಕೆ ಯಾರೂ ಯೋಗ್ಯನೆಂದು ಎಣಿಸದಿದ್ದ ಹುಡುಗನ ಕಥೆಯನ್ನು ಮ್ಯೂಸಿಯಂ ಹೇಳುತ್ತದೆ. 1925ರ ಮೇ 12ರಂದು ಸೇಂಟ್ ಲೂಯಿಸ್ ನಗರದಲ್ಲಿ, ಇಟಲಿಯಿಂದ ಬಂದವರು ತುಂಬಿಕೊಂಡಿದ್ದ ‘ದಿ ಹಿಲ್’ ಎಂಬ ಬಡಾವಣೆಯಲ್ಲಿ ಬೆರಾ ಹುಟ್ಟಿದರು. ಎದುರು ಮನೆಯ ಹುಡುಗ ಜೋ ಗ್ಯಾರಜಿಯೋಲ. ಒಂದೇ ಬೀದಿಯ ಇಬ್ಬರೂ ಮುಂದೆ ಮೇಜರ್ ಲೀಗ್‌ನ ಕ್ಯಾಚರ್‌ಗಳಾದದ್ದು ಕಾಕತಾಳೀಯವೇ ಇರಬಹುದು, ಆದರೆ ಅವರಿಬ್ಬರ ಬೆಲೆ ಕಟ್ಟಿದ ರೀತಿ ಬೇರೆಯಾಗಿತ್ತು. ಊರಿನ ತಂಡವಾದ ಕಾರ್ಡಿನಲ್ಸ್ ಗ್ಯಾರಜಿಯೋಲ ಅವರಿಗೆ 500 ಡಾಲರ್ ಕೊಟ್ಟು ಸೇರಿಸಿಕೊಂಡಿತು, ಬೆರಾ ಅವರಿಗೆ ಅಷ್ಟು ಕೊಡಲು ಒಪ್ಪಲಿಲ್ಲ. ಗೆಳೆಯನಿಗೆ ಕೊಟ್ಟಷ್ಟೇ ತನಗೂ ಬೇಕೆಂದು ಹಟ ಹಿಡಿದ ಹುಡುಗ ಬರಿಗೈಯಲ್ಲಿ ಮನೆಗೆ ಹೋದ, ಆಮೇಲೆ ಅದೇ 500 ಡಾಲರ್ ಕೊಟ್ಟು ಯಾಂಕೀಸ್ ಅವನನ್ನು ತೆಗೆದುಕೊಂಡಿತು. ಕುಳ್ಳು, ದಪ್ಪ ಮೈಕಟ್ಟು, ಬೇಸ್‌ಬಾಲ್ ಆಟಗಾರ ಹೀಗಿರಬೇಕು ಎಂದು ಜನ ಕಲ್ಪಿಸಿಕೊಳ್ಳುವ ಯಾವ ಲಕ್ಷಣವೂ ಇಲ್ಲದ ದೇಹ. ಪತ್ರಿಕೆಯವರೂ ಎದುರಾಳಿಗಳೂ ಅವರ ಮುಖವನ್ನು ಎಷ್ಟೋ ವರ್ಷ ಗೇಲಿ ಮಾಡಿದ್ದುಂಟು. ನಡುವೆ ಯುದ್ಧ ಬಂತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೌಕಾಪಡೆಯ ಚಿಕ್ಕ ರಾಕೆಟ್ ದೋಣಿಯೊಂದರಲ್ಲಿ, 1944ರ ಜೂನ್ 6ರಂದು, ಅವರು ನಾರ್ಮಂಡಿ ತೀರದ ಎದುರಿಗಿದ್ದರು.

‘ಯೋಗಿ’ ಎಂಬ ಹೆಸರಿನ ಬಗ್ಗೆ ನಮ್ಮವರೆಲ್ಲ ಕೇಳುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೂ ನಮ್ಮ ನಾಡಿಗೂ ನಿಜವಾಗಿಯೇ ನಂಟಿದೆ. ಹುಡುಗರಾಗಿದ್ದಾಗ ಗೆಳೆಯನೊಬ್ಬ ಭಾರತದ ಬಗೆಗಿನ ಚಲನಚಿತ್ರವೊಂದರಲ್ಲಿ ಯೋಗಿಯನ್ನು ನೋಡಿ ಬಂದನಂತೆ. ಬ್ಯಾಟಿಂಗ್ ಸರದಿಗಾಗಿ ಚಕ್ಕಂಬಟ್ಟಲ ಹಾಕಿ, ಕೈಕಟ್ಟಿ, ಅಲುಗಾಡದೆ ಕಾಯುತ್ತ ಕೂರುತ್ತಿದ್ದ ಬೆರಾ ಅವನ ಕಣ್ಣಿಗೆ ಹಾಗೆಯೇ ಕಂಡರು. ಆ ಹೆಸರು ತೊಂಬತ್ತು ವರ್ಷ ವಯಸ್ಸಿನವರೆಗೂ ಅಂಟಿಕೊಂಡಿತು. ನನ್ನ ಅಮ್ಮ ಊರಿನಿಂದ ಬಂದಿದ್ದಾಗ ಅವರಿಗೆ ಇದನ್ನು ಹೇಳಿದೆ. “ಕೂತು ಕಾಯೋನಿಗೆ ಸರಿಯಾದ ಹೆಸರೇ ಇಟ್ಟಿದ್ದಾರೆ ಬಿಡಪ್ಪ” ಎಂದರು.

ಮೇಜರ್ ಲೀಗ್‌ನಲ್ಲಿ ಅವರ ಮೊದಲ ಆಟ 1946ರ ಸೆಪ್ಟೆಂಬರ್ 22ರಂದು, ಅಂದೇ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಗೋಡೆ ದಾಟಿಸುವ ಹೊಡೆತ) ಹೊಡೆದರು. ಬ್ಯಾಟಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಮಿಟ್‌ನ ಬಗ್ಗೆ. 1947ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಋತುವಿನ ಕೊನೆಗೆ ಚಾಂಪಿಯನ್ ತಂಡವನ್ನು ತೀರ್ಮಾನಿಸುವ ಸರಣಿಯಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ತಂಡದವರು ಅವರ ಎಸೆತದ ದೌರ್ಬಲ್ಯ ಅರಿತು ಮನಸ್ಸಿಗೆ ಬಂದಂತೆ ಬೇಸ್ ಕದ್ದರು, ಅಂದರೆ ಪಿಚರ್ ಚೆಂಡು ಎಸೆಯುವಷ್ಟರಲ್ಲೇ ಓಡಿ, ಕ್ಯಾಚರ್ ಎಸೆದ ಚೆಂಡು ತಲುಪುವ ಮೊದಲೇ ಮುಂದಿನ ಬೇಸ್ ಮುಟ್ಟಿದರು. ಅದೇ ಸರಣಿಯಲ್ಲಿ ಬದಲಿ ಬ್ಯಾಟರ್ ಆಗಿ ಬಂದು, ವರ್ಲ್ಡ್ ಸೀರೀಸ್ ಇತಿಹಾಸದಲ್ಲೇ ಮೊದಲ ಬಾರಿಗೆ ಆ ಪಾತ್ರದಲ್ಲಿ ಹೋಮ್ ರನ್ ಹೊಡೆದವರೂ ಅವರೇ. ಒಂದೇ ವಾರದಲ್ಲಿ ಒಬ್ಬನೇ ಆಟಗಾರನ ಅತಿ ದೊಡ್ಡ ಶಕ್ತಿಯೂ ಅತಿ ದೊಡ್ಡ ಕೊರತೆಯೂ ಸಾವಿರಾರು ಜನರ ಮುಂದೆ ಹೀಗೆ ಬಯಲಾದದ್ದನ್ನು ನಾನು ಬೇರೆ ಯಾರ ಜೀವನದಲ್ಲೂ ಕಂಡಿಲ್ಲ.

ಆಮೇಲೆ ನಡೆದದ್ದು ನನ್ನ ಮಟ್ಟಿಗೆ ಈ ಮ್ಯೂಸಿಯಂನಲ್ಲಿ ತಿಳಿದುಕೊಳ್ಳಬೇಕಾದ ಅತಿ ಮುಖ್ಯ ವಿಷಯ. 1949ರಲ್ಲಿ ಯಾಂಕೀಸ್ ತಂಡವನ್ನು ಮೈದಾನದಲ್ಲಿ ನಡೆಸುವ ವ್ಯವಸ್ಥಾಪಕರಾಗಿ (ಮ್ಯಾನೇಜರ್) ಬಂದ ಕೇಸಿ ಸ್ಟೆಂಗಲ್, ಯಾಂಕೀಸ್‌ನ ಹಿಂದಿನ ತಲೆಮಾರಿನ ಮಹಾ ಕ್ಯಾಚರ್ ಬಿಲ್ ಡಿಕಿ ಅವರನ್ನು ಕರೆಸಿ, ಈ ಹುಡುಗನಿಗೆ ಕಲಿಸಿ ಎಂದರು. ಡಿಕಿ ಮೊದಲಿನಿಂದ ತಿದ್ದಿದರು: ಪ್ಲೇಟ್‌ಗೆ ಎಷ್ಟು ಹತ್ತಿರ ಕೂರಬೇಕು, ಎಸೆಯುವಾಗ ಕಾಲು ಹೇಗೆ ಇಡಬೇಕು, ನೆಲಕ್ಕೆ ಬಡಿಯುವ ಚೆಂಡಿಗೆ ಮೈಯನ್ನೇ ಹೇಗೆ ಗೋಡೆಯಾಗಿಸಬೇಕು, ಯಾವ ಬ್ಯಾಟರ್‌ಗೆ ಯಾವ ಚೆಂಡು ಕೇಳಬೇಕು. ಇಪ್ಪತ್ತನಾಲ್ಕು ವರ್ಷದ, ಆಗಲೇ ಹೆಸರು ಮಾಡಿದ ಆಟಗಾರನೊಬ್ಬ ಮತ್ತೆ ಅ ಆ ಇ ಈ ಇಂದ ಶುರುಮಾಡಿದ. ಡಿಕಿ ತೊಟ್ಟಿದ್ದ 8ನೆಯ ಸಂಖ್ಯೆಯ ಅಂಗಿಯನ್ನೇ ಬೆರಾ ತೊಟ್ಟರು. 1972ರಲ್ಲಿ ಯಾಂಕೀಸ್ ತಂಡ ಆ ಸಂಖ್ಯೆಯನ್ನು ಇಬ್ಬರ ಗೌರವಕ್ಕಾಗಿಯೂ ಒಟ್ಟಿಗೆ ನಿವೃತ್ತಿಗೊಳಿಸಿತು. ಮುಂದೆ ಯಾಂಕೀಸ್‌ನ ಮೊದಲ ಕಪ್ಪು ಆಟಗಾರರಾಗಿ 1955ರಲ್ಲಿ ಬಂದ ಎಲ್ಸ್‌ಟನ್ ಹೊವರ್ಡ್ ಕ್ಯಾಚರ್ ಸ್ಥಾನಕ್ಕೆ ಏರಿದಾಗ, ಬೆರಾ ಹೊರ ಮೈದಾನಕ್ಕೆ ಸರಿದು ಜಾಗ ಮಾಡಿಕೊಟ್ಟರು. ಹೊವರ್ಡ್ 1963ರಲ್ಲಿ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಯಾಂಕೀಸ್ ಆಡುವ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಸಂಗೀತದಲ್ಲಿ ನಾವು ಗುರುಪರಂಪರೆ ಎನ್ನುತ್ತೇವಲ್ಲ, ಅದು ಒಂದು ಮಿಟ್‌ನ ಸುತ್ತಲೂ ಬೆಳೆಯಬಲ್ಲದು ಎಂದು ನನಗೆ ತಿಳಿದದ್ದು ಇಲ್ಲಿ.

ಕಲಿತದ್ದರ ಫಲವನ್ನು ಅಂಕಿಗಳು ಹೇಳುತ್ತವೆ. 1951, 1954 ಮತ್ತು 1955ರಲ್ಲಿ ಮೂರು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಆಟಗಾರನಾಗಿ ಹತ್ತು ವರ್ಲ್ಡ್ ಸೀರೀಸ್ ಗೆಲುವು, ಇಂದಿಗೂ ಯಾರೂ ಮುಟ್ಟದ ದಾಖಲೆ. 1957ರಿಂದ 1959ರವರೆಗೆ ಕ್ಯಾಚರ್ ಆಗಿ ಸತತ 148 ಆಟಗಳಲ್ಲಿ ಒಂದೂ ತಪ್ಪು ಮಾಡಲಿಲ್ಲ. ಹತ್ತು ವರ್ಷ ಹಿಂದೆ ಇದೇ ಮನುಷ್ಯನ ಕೈಯಿಂದ ಬೇಸ್ ಕದಿಯಲು ಬ್ರೂಕ್ಲಿನ್‌ನವರು ಸಾಲುಗಟ್ಟಿ ನಿಂತಿದ್ದರು. ಬ್ಯಾಟಿಂಗ್‌ನಲ್ಲಿ ಒಟ್ಟು 358 ಹೋಮ್ ರನ್. ಆದರೆ ನನ್ನನ್ನು ಬೆರಗುಗೊಳಿಸಿದ ಅಂಕಿ ಬೇರೆ. 1950ರ ಇಡೀ ಋತುವಿನಲ್ಲಿ 597 ಅಧಿಕೃತ ಬ್ಯಾಟಿಂಗ್ ಅವಕಾಶಗಳಲ್ಲಿ ಅವರು ಸ್ಟ್ರೈಕ್ ಔಟ್ ಆದದ್ದು, ಅಂದರೆ ಮೂರು ಸ್ಟ್ರೈಕ್‌ಗಳಾಗಿ ಔಟ್ ಆದದ್ದು, ಬರೀ 12 ಸಲ. ಈಗಿನ ಆಟದಲ್ಲಿ ಹೆಸರಾಂತ ಬ್ಯಾಟರ್‌ಗಳೂ ಅಷ್ಟನ್ನು ಎರಡೇ ವಾರದಲ್ಲಿ ಆಗಿಬಿಡುವುದುಂಟು. ಮಗನಿಗೆ ಹೇಳಿದಾಗ ನಂಬದೆ, ಮತ್ತೆ ಹೇಳಪ್ಪ ಎಂದ.

ಎರಡು ಘಟನೆಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕ್ಯಾಚರ್‌ನ ವೃತ್ತಿ ಎಂದರೇನೆಂಬುದು ಅಂಕಿಗಳಿಗಿಂತ ಇವುಗಳಲ್ಲೇ ಚೆನ್ನಾಗಿ ಕಾಣುತ್ತದೆ.

ಮೊದಲನೆಯದು 1951ರ ಸೆಪ್ಟೆಂಬರ್ 28ರದು. ಯಾಂಕೀಸ್‌ನ ಅಲಿ ರೆನಾಲ್ಡ್ಸ್ ಬೋಸ್ಟನ್ ತಂಡಕ್ಕೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಕೊಡದೆ ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಗೆ ಬಂದಿದ್ದರು, ಇನ್ನು ಒಬ್ಬನೇ ಒಬ್ಬ ಔಟ್ ಆಗಬೇಕಿತ್ತು. ಆ ಒಬ್ಬ ಟೆಡ್ ವಿಲಿಯಮ್ಸ್, ಆ ಕಾಲದ ಅತ್ಯಂತ ಅಪಾಯಕಾರಿ ಬ್ಯಾಟರ್. ವಿಲಿಯಮ್ಸ್ ಹೊಡೆದ ಚೆಂಡು ನೆಟ್ಟಗೆ ಮೇಲೇರಿತು. ಮುಖವಾಡ ಕಿತ್ತೆಸೆದು ಬೆರಾ ಅದರ ಕೆಳಗೆ ಬಂದರು, ಚೆಂಡು ಮಿಟ್‌ಗೆ ಬಿತ್ತು, ಬಿದ್ದದ್ದು ಜಾರಿಹೋಯಿತು. ಎದುರಾಳಿಯ ಅತಿ ದೊಡ್ಡ ಬ್ಯಾಟರ್‌ಗೆ ಮತ್ತೊಂದು ಜೀವದಾನ, ತನ್ನ ಪಿಚರ್‌ನ ಜೀವಮಾನದ ಸಾಧನೆ ತನ್ನ ಕೈಯಿಂದಲೇ ಕೆಳಗೆ ಬಿದ್ದಂತೆ. ವಿಕೆಟ್ ಹಿಂದೆ ಸುಲಭದ ಕ್ಯಾಚ್ ಬಿಟ್ಟು, ಬೌಲರ್‌ನ ಮುಖ ನೋಡಲಾಗದೆ ಗ್ಲವ್ಸ್ ತಟ್ಟಿಕೊಂಡು ನಿಂತ ಯಾರಿಗಾದರೂ ಆ ಹೊಟ್ಟೆಯೊಳಗಿನ ಸಂಕಟ ಗೊತ್ತಿರುತ್ತದೆ; ನನಗೆ ಚೆನ್ನಾಗಿ ಗೊತ್ತು. ಬೆರಾ ಹಿಂದಿರುಗಿ ಪ್ಲೇಟ್‌ನ ಹಿಂದೆ ಕೂತು ಮತ್ತೆ ಚೆಂಡು ಕೇಳಿದರು. ರೆನಾಲ್ಡ್ಸ್ ಎಸೆದರು. ವಿಲಿಯಮ್ಸ್ ಮತ್ತೆ ಹಾಗೆಯೇ ಮೇಲಕ್ಕೆ ಹೊಡೆದರು. ಈ ಸಲ ಬೆರಾ ಹಿಡಿದರು.

ಎರಡನೆಯದು ಲಾರ್ಸನ್‌ರ ಆಟ. 1956ರ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯ, ಎದುರಾಳಿ ಮತ್ತೆ ಬ್ರೂಕ್ಲಿನ್. ಲಾರ್ಸನ್ ಅದೇ ಸರಣಿಯ ಎರಡನೆಯ ಪಂದ್ಯದಲ್ಲಿ ಎರಡನೆಯ ಇನ್ನಿಂಗ್ಸ್ ಕೂಡ ಮುಗಿಸಲಾಗದೆ ಹೊರಗೆ ಹೋದವರು. ಆ ದಿನ ಮಾತ್ರ 97 ಎಸೆತಗಳಲ್ಲಿ 27 ಬ್ಯಾಟರ್‌ಗಳು ಬಂದರು, 27 ಬ್ಯಾಟರ್‌ಗಳೂ ಔಟ್ ಆಗಿ ಹೋದರು, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಅದಕ್ಕೆ ಹಿಂದೆಯೂ ಮುಂದೆಯೂ ಇನ್ನೊಂದು ಪರ್ಫೆಕ್ಟ್ ಗೇಮ್ ಆಗಿಲ್ಲ. ಬೆರಾ ಕೊಟ್ಟ ಸೂಚನೆಗಳಲ್ಲಿ ಒಂದಕ್ಕೂ ತಾನು ಬೇಡವೆಂದು ತಲೆಯಾಡಿಸಲಿಲ್ಲ ಎಂದು ಲಾರ್ಸನ್ ಆಮೇಲೆ ಬದುಕಿರುವವರೆಗೂ ಹೇಳುತ್ತಿದ್ದರು. ಹಾಗೆಂದರೆ ಆ 97 ಎಸೆತಗಳನ್ನು ಎಸೆದ ಕೈ ಒಂದು, ಆಯ್ದ ತಲೆ ಇನ್ನೊಂದು. ದಾಖಲೆಯ ಪುಸ್ತಕದಲ್ಲಿ ಪಿಚರ್‌ನ ಹೆಸರು ಇರುತ್ತದೆ. ಕೊನೆಯ ಸ್ಟ್ರೈಕ್‌ಗೆ ಅಂಪೈರ್ ಕೈ ಎತ್ತಿದ ಕೂಡಲೇ ಬೆರಾ ಓಡಿಹೋಗಿ ಎತ್ತರದ ಲಾರ್ಸನ್‌ರ ಮೈಮೇಲೆ ಮಗುವಿನಂತೆ ಹಾರಿ ಕೂತ ಚಿತ್ರವನ್ನು ಬೇಸ್‌ಬಾಲ್ ಗೊತ್ತಿಲ್ಲದವರೂ ಎಲ್ಲಾದರೂ ನೋಡಿರುತ್ತಾರೆ. ಮಿಟ್ ನೋಡಿ, ಆ ಚಿತ್ರವನ್ನು ನೆನೆದು, ಮತ್ತೆ ಮಿಟ್ ಹತ್ತಿರ ಬನ್ನಿ. ನಾನು ಹಾಗೆ ಮಾಡಿದೆ. ನಡುವಿನ ತಗ್ಗು ಎರಡನೆಯ ಸಲ ಬೇರೆಯಾಗಿಯೇ ಕಂಡಿತು.

ಇಷ್ಟೆಲ್ಲ ಗೆದ್ದವರ ಸೋಲುಗಳನ್ನು ಬಿಟ್ಟರೆ ಚಿತ್ರ ಪೂರ್ಣವಾಗುವುದಿಲ್ಲ. 1955ರ ಸರಣಿಯ ಮೊದಲ ಪಂದ್ಯದಲ್ಲಿ ಬ್ರೂಕ್ಲಿನ್‌ನ ಜಾಕಿ ರಾಬಿನ್‌ಸನ್ ಮೂರನೆಯ ಬೇಸ್‌ನಿಂದ ನೇರ ನುಗ್ಗಿ ಹೋಮ್ ಪ್ಲೇಟನ್ನೇ ಕದ್ದಾಗ ಅಂಪೈರ್ ಸೇಫ್ ಎಂದರು. ಬೆರಾ ಸಿಟ್ಟಿನಿಂದ ಕುಣಿದಾಡಿದರು. ಅವನು ಔಟ್ ಎಂದು ಕೊನೆಯುಸಿರಿನವರೆಗೂ ಹೇಳಿದರು. 1960ರ ಸರಣಿಯ ಏಳನೆಯ ಪಂದ್ಯದಲ್ಲಿ ಎದುರಾಳಿ ಪಿಟ್ಸ್‌ಬರ್ಗ್‌ನ ಬಿಲ್ ಮ್ಯಾಜೆರೋಸ್ಕಿ ಹೊಡೆದ ಗೆಲುವಿನ ಹೋಮ್ ರನ್ ಗೋಡೆ ದಾಟಿ ಹೋದಾಗ, ಅದರ ಕೆಳಗೆ ಎಡ ಮೈದಾನದಲ್ಲಿ ತಲೆಯೆತ್ತಿ ನೋಡುತ್ತಿದ್ದವರೂ ಅವರೇ. ಇನ್ನು ದೇಹದ ಲೆಕ್ಕ ನೋಡಿದರೆ, 1962ರ ಜೂನ್ 24ರಂದು ಡೆಟ್ರಾಯಿಟ್‌ನಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಏಳು ಗಂಟೆ ನಡೆದ 22 ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಬೆರಾ ಆದಿಯಿಂದ ಅಂತ್ಯದವರೆಗೆ ಪ್ಲೇಟ್ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮನೆಯಲ್ಲಿ ಹತ್ತು ನಿಮಿಷ ಹಾಗೆ ಕೂತು ನೋಡಿ, ಅದೂ ಮುಖವಾಡ, ಎದೆಗವಚ, ಮೊಣಕಾಲುಗವಚ ಹಾಕಿಕೊಂಡು. ನಾನು ಮಗನ ಜೊತೆ ಅಭ್ಯಾಸಕ್ಕೆ ಕೂತ ಮೊದಲ ದಿನ ಏಳಲು ಬೇಲಿ ಹಿಡಿಯಬೇಕಾಯಿತು.

ಮ್ಯೂಸಿಯಂ ಕಟ್ಟಡಕ್ಕೇ ಒಂದು ಇತಿಹಾಸವಿದೆ, ಇಲ್ಲಿ ಬಂದವರು ಅದನ್ನು ತಿಳಿದುಕೊಂಡೇ ನಡೆದಾಡಬೇಕು. ನಿವೃತ್ತಿಯ ನಂತರ ಬೆರಾ 1964ರಲ್ಲಿ ಯಾಂಕೀಸ್ ತಂಡವನ್ನೂ 1973ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ತಂಡವಾದ ಮೆಟ್ಸ್ ಅನ್ನೂ ವ್ಯವಸ್ಥಾಪಕರಾಗಿ ವರ್ಲ್ಡ್ ಸೀರೀಸ್‌ವರೆಗೆ ಒಯ್ದರು. 1984ರಲ್ಲಿ ಮತ್ತೆ ಯಾಂಕೀಸ್ ವ್ಯವಸ್ಥಾಪಕರಾದಾಗ, 1985ರ ಋತುವಿನ 16 ಪಂದ್ಯಗಳು ಮುಗಿಯುವಷ್ಟರಲ್ಲಿ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಅವರನ್ನು ತೆಗೆದುಹಾಕಿದರು. ತೆಗೆದದ್ದಕ್ಕಿಂತ ತೆಗೆದ ರೀತಿ ಅವರನ್ನು ನೋಯಿಸಿತು: ಮಾಲೀಕರು ತಾವು ಬರಲಿಲ್ಲ, ಫೋನೂ ಮಾಡಲಿಲ್ಲ, ಇನ್ನೊಬ್ಬರ ಬಾಯಲ್ಲಿ ಹೇಳಿಸಿದರು. ಈ ಮನುಷ್ಯ ಇರುವವರೆಗೆ ಯಾಂಕೀ ಸ್ಟೇಡಿಯಂ ಮೆಟ್ಟಿಲು ಹತ್ತುವುದಿಲ್ಲ ಎಂದು ಬೆರಾ ಪಣ ತೊಟ್ಟರು, ಹದಿನಾಲ್ಕು ವರ್ಷ ಹತ್ತಲಿಲ್ಲ. ಅವರ ಹೆಸರಿನ ಫಲಕವನ್ನು ಸ್ಟೇಡಿಯಂನಲ್ಲಿ ಅನಾವರಣ ಮಾಡಿದಾಗಲೂ ಹೋಗಲಿಲ್ಲ. ಕೊನೆಗೆ 1999ರ ಜನವರಿಯಲ್ಲಿ ಸ್ಟೈನ್‌ಬ್ರೆನರ್ ತಾವಾಗಿ ಬಂದು ಕ್ಷಮೆ ಕೇಳಿದ್ದು ಇದೇ ಮ್ಯೂಸಿಯಂನಲ್ಲಿ. ಬಾಗಿಲು ತೆರೆದು ಆಗ ಕೆಲವೇ ವಾರಗಳಾಗಿದ್ದವು. ಮಾಲೀಕರು ಕೊಂಚ ತಡವಾಗಿ ಬಂದರು, ಬೆರಾ ಅದನ್ನೂ ನೆನಪಿಸದೆ ಬಿಡಲಿಲ್ಲ.

ಅದೇ ವರ್ಷದ ಜುಲೈ 18ರಂದು ಯಾಂಕೀ ಸ್ಟೇಡಿಯಂನಲ್ಲಿ ಯೋಗಿ ಬೆರಾ ದಿನ ಆಚರಿಸಿದರು. ಲಾರ್ಸನ್ ಬಂದು ಸಾಂಕೇತಿಕವಾಗಿ ಚೆಂಡು ಎಸೆದರು, ಬೆರಾ ಅಂದಿನ ಕ್ಯಾಚರ್ ಜೋ ಜಿರಾರ್ಡಿಯ ಮಿಟ್ ತೆಗೆದುಕೊಂಡು ಅದನ್ನು ಹಿಡಿದರು, ಮಿಟ್ ಹಿಂದಿರುಗಿಸಿ ಹೋಗಿ ಕೂತರು. ಆಮೇಲೆ ಡೇವಿಡ್ ಕೋನ್ ಅದೇ ಜಿರಾರ್ಡಿಗೆ 88 ಚೆಂಡುಗಳನ್ನು ಎಸೆದು ಮಾಂಟ್ರಿಯಲ್ ವಿರುದ್ಧ ಪರ್ಫೆಕ್ಟ್ ಗೇಮ್ ಮುಗಿಸಿದರು. ಬೆರಾ ಮತ್ತು ಲಾರ್ಸನ್ ಇಬ್ಬರೂ ಅಲ್ಲೇ ಕೂತು ನೋಡುತ್ತಿದ್ದರು. ಇದನ್ನು ಕಥೆಯಲ್ಲಿ ಬರೆದರೆ ಯಾರೂ ಒಪ್ಪುವುದಿಲ್ಲ, ಆದರೆ ನಡೆದದ್ದು ಹೀಗೆಯೇ.

ದುಃಖದ ಪುಟವೂ ಒಂದಿದೆ. 2014ರ ಅಕ್ಟೋಬರ್‌ನಲ್ಲಿ ಕಳ್ಳರು ಇಲ್ಲಿಗೆ ನುಗ್ಗಿ ವರ್ಲ್ಡ್ ಸೀರೀಸ್ ಗೆದ್ದದ್ದಕ್ಕೆ ಬೆರಾ ಅವರಿಗೆ ಕೊಟ್ಟಿದ್ದ ಒಂಬತ್ತು ಉಂಗುರಗಳನ್ನೂ ಎರಡು ಅತ್ಯಮೂಲ್ಯ ಆಟಗಾರ ಫಲಕಗಳನ್ನೂ ಕದ್ದೊಯ್ದರು. ಬೆರಾ ಆಗ ಬದುಕಿದ್ದರು, ಎಂಬತ್ತೊಂಬತ್ತು ವರ್ಷ. ಅದೇ ವರ್ಷ ಮಾರ್ಚ್‌ನಲ್ಲಿ ಹೆಂಡತಿ ಕಾರ್ಮೆನ್ ತೀರಿಕೊಂಡಿದ್ದರು. 2023ರಲ್ಲಿ ಪೆನ್ಸಿಲ್ವೇನಿಯಾದ ಒಂಬತ್ತು ಜನರ ಮೇಲೆ ಆರೋಪ ಹೊರಿಸಿದಾಗ, ಆ ಉಂಗುರಗಳನ್ನು ಕರಗಿಸಿ ಬರೀ ಲೋಹವಾಗಿ ಮಾರಿದ್ದರೆಂಬುದು ಹೊರಬಿತ್ತು. ಒಬ್ಬ ಮನುಷ್ಯನ ಹದಿನೆಂಟು ವರ್ಷದ ಬೆವರನ್ನು ಬೆಂಕಿಗೆ ಹಾಕಿ ತೂಕಕ್ಕೆ ಮಾರಿದರಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಚರ್ಮದ ಮಿಟ್ ಕರಗಿಸುವಂಥದ್ದಾಗಿರಲಿಲ್ಲ, ಅದು ಉಳಿದಿದೆ.

ಬೆರಾ ಅವರ ಮಾತುಗಳ ವಿಷಯ. ‘ಮುಗಿಯುವ ತನಕ ಮುಗಿದಿಲ್ಲ’ ಎಂಬ ಮಾತು ಅವರ ಹೆಸರಿಗಿಂತ ಹೆಚ್ಚು ದೇಶ ಸುತ್ತಿದೆ. ಅದು 1973ರ ಬೇಸಿಗೆಯಲ್ಲಿ ಅವರ ಮೆಟ್ಸ್ ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆಯಲ್ಲಿ ಬಿದ್ದಿದ್ದ ಕಾಲದ್ದು, ತಂಡ ಆಮೇಲೆ ವಿಭಾಗವನ್ನು ಗೆದ್ದೇಬಿಟ್ಟಿತು. ‘ದಾರಿ ಕವಲೊಡೆದಾಗ ಹಿಡಿದುಬಿಡಿ’ ಎಂಬುದು ಮಾಂಟ್‌ಕ್ಲೇರ್‌ನ ಅವರ ಮನೆಗೆ ದಾರಿ ಹೇಳುವಾಗ ಬಂದದ್ದು. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಮನೆ ಸಿಗುತ್ತಿತ್ತು, ಹಾಗಾಗಿ ಮಾತಿನಲ್ಲಿ ತಪ್ಪೇನಿರಲಿಲ್ಲ. ಮೊದಲ ಸಲ ಬಂದವರು ಈ ಮಾತುಗಳ ಮುಂದೆ ನಿಂತು ನಗುತ್ತಾರೆ, ನಾವೂ ನಕ್ಕೆವು. ಎರಡನೆಯ ಸಲ ಹೋದಾಗ ನನಗೆ ಬೇರೊಂದು ಅನಿಸಿತು. ಮಾತಿನ ಯೋಗಿಯನ್ನು ಜಗತ್ತು ಎಷ್ಟು ಪ್ರೀತಿಸಿತೆಂದರೆ ಕ್ಯಾಚರ್ ಯೋಗಿ ಅದರ ಹಿಂದೆ ಮರೆಯಾದರು. ಕೂತಲ್ಲಿಂದಲೇ ಇಡೀ ಪಂದ್ಯವನ್ನು ಓದಿ, ಪ್ರತಿ ಬ್ಯಾಟರ್‌ನ ದೌರ್ಬಲ್ಯವನ್ನು ವರ್ಷಗಟ್ಟಲೆ ನೆನಪಿಟ್ಟು, ಸಾವಿರಾರು ನಿರ್ಧಾರಗಳನ್ನು ಬೆರಳಿನಲ್ಲಿ ಹೇಳಿದ ಮನುಷ್ಯ ಪೆದ್ದನಂತೆ ಮಾತಾಡುವ ತಮಾಷೆಯ ವ್ಯಕ್ತಿಯಾಗಿ ನೆನಪಿನಲ್ಲಿ ಉಳಿಯುವುದು ಅನ್ಯಾಯ. ಆದ್ದರಿಂದ ನನ್ನ ಸಲಹೆ ಇಷ್ಟೇ: ಗೋಡೆಯ ಮಾತುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಮಿಟ್‌ನಿಂದ ಶುರುಮಾಡಿ.

ನೋಡಲು ಹೋಗುವವರಿಗೆ ಇನ್ನು ಕೆಲವು ಮಾತು. ಇದು ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಂ ಆದ ಹಾಲ್ ಆಫ್ ಫೇಮ್‌ನಂತೆ ದಿನವಿಡೀ ಸುತ್ತುವ ದೊಡ್ಡ ಜಾಗವಲ್ಲ. ಒಂದೇ ಜೀವನದ ಸುತ್ತ ಕಟ್ಟಿದ ಚಿಕ್ಕ ಮನೆ, ಎರಡು ಗಂಟೆ ಸಾಕು. ಅದೇ ನನಗೆ ಇದರ ಹಿರಿಮೆ. ದೊಡ್ಡ ಮ್ಯೂಸಿಯಂನಲ್ಲಿ ನೂರು ಆಟಗಾರರ ನಡುವೆ ಓಡುತ್ತೇವೆ, ಇಲ್ಲಿ ಒಬ್ಬರ ಜೊತೆ ಕೂರುತ್ತೇವೆ. ಇದರ ಪೂರ್ತಿ ಹೆಸರಿನಲ್ಲೇ ‘ಮ್ಯೂಸಿಯಂ ಮತ್ತು ಲರ್ನಿಂಗ್ ಸೆಂಟರ್’ ಎಂದಿರುವಂತೆ ಶಾಲಾ ಮಕ್ಕಳಿಗೆ ಕಾರ್ಯಕ್ರಮಗಳೂ ನಡೆಯುತ್ತವೆ. ಬೆರಾ ತಾವು ಬದುಕಿದ್ದಾಗ ಇಲ್ಲಿಗೆ ಬಂದು ಮಕ್ಕಳ ಜೊತೆ ಮಾತಾಡುತ್ತಿದ್ದರು. ಬೇಸ್‌ಬಾಲ್ ಏನೂ ಗೊತ್ತಿಲ್ಲದ ಹಿರಿಯರನ್ನು ಕರೆದೊಯ್ಯುವುದಾದರೆ ಕಾರಿನಲ್ಲೇ ಒಂದಿಷ್ಟು ಹೇಳಿಕೊಡಿ: ಪಿಚರ್ ಯಾರು, ಕ್ಯಾಚರ್ ಯಾರು, ಸ್ಟ್ರೈಕ್ ಎಂದರೇನು, ಬೇಸ್ ಕದಿಯುವುದು ಹೇಗೆ. ಅಷ್ಟು ಗೊತ್ತಿದ್ದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ. ಸಾಧ್ಯವಾದರೆ ಯೂನಿವರ್ಸಿಟಿ ತಂಡದ ಆಟವಿರುವ ವಸಂತದ ದಿನ ಹೋಗಿ. ಪಕ್ಕದ ಯೋಗಿ ಬೆರಾ ಸ್ಟೇಡಿಯಂನಲ್ಲಿ ಆಟ ನೋಡಬಹುದು. ನಾವು ಹೋದ ಮಧ್ಯಾಹ್ನ ಅಲ್ಲಿ ಅಭ್ಯಾಸ ನಡೆದಿತ್ತು. ಬೇಲಿಯ ಆಚೆ ಕ್ಯಾಚರ್ ಹುಡುಗನೊಬ್ಬ ಕೂತು ಒಂದರ ಹಿಂದೊಂದು ಚೆಂಡು ಹಿಡಿಯುತ್ತಿದ್ದ, ಚರ್ಮಕ್ಕೆ ಚೆಂಡು ಬಡಿದ ‘ಥಪ್’ ಸದ್ದು ಪಾರ್ಕಿಂಗ್‌ವರೆಗೆ ಕೇಳುತ್ತಿತ್ತು.

ಬೆರಾ ತೀರಿಕೊಂಡದ್ದು 2015ರ ಸೆಪ್ಟೆಂಬರ್ 22ರಂದು, ತಮ್ಮ ಮೊದಲ ಮೇಜರ್ ಲೀಗ್ ಆಟ ಆಡಿ ಸರಿಯಾಗಿ ಅರವತ್ತೊಂಬತ್ತು ವರ್ಷದ ದಿನ. ಮಗನಿಗೆ ನಾನು ಇದನ್ನು ಮನೆಗೆ ಹೋಗುವ ದಾರಿಯಲ್ಲಿ ಹೇಳುತ್ತಿದ್ದಾಗ ಅವನು ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ, ಆಮೇಲೆ ಕೊಡಿಸಿದ್ದ ಹೊಸ ಮಿಟ್ ತೊಡೆಯ ಮೇಲಿಟ್ಟುಕೊಂಡು, ಎಡಗೈ ಒಳಗೆ ಹಾಕಿದ್ದ. ತೋರುಬೆರಳನ್ನು ಮಾತ್ರ ಹೊರಗೆ, ಚರ್ಮದ ಬೆನ್ನಿನ ಮೇಲೆ ಚಾಚಿ, ಬಲಗೈ ಮುಷ್ಟಿಯಿಂದ ನಡುವಿನ ತಗ್ಗಿಗೆ ಮೆಲ್ಲಗೆ ಗುದ್ದುತ್ತಿದ್ದ.